ಮಾತು ಕೊಟ್ಟವರೇ ಊರು ಬಿಟ್ಟರೆ?

ಪಿಜಿ ಓನರ್ ಬದಲಾದಾಗ ಡೆಪಾಸಿಟ್ ಯಾರು ವಾಪಸ್ ಕೊಡಬೇಕು? ಈ ಪ್ರಶ್ನೆಯನ್ನು ನಮ್ಮ ಕ್ಯಾಂಪಸ್ ಸುತ್ತಮುತ್ತ ಇರೋ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಳೇ ಓನರ್ "ಬಿಡುವಾಗ ಪೂರ್ತಿ ಕೊಡ್ತೀನಪ್ಪ" ಅಂದಿರ್ತಾರೆ. ಆಮೇಲೆ ಬಿಲ್ಡಿಂಗ್ ಮಾರಿಹೋಗುತ್ತೆ. ಹೊಸಬರು "ನನ್ನ ಹತ್ರ ಯಾರೂ ಏನೂ ಹೇಳಿಲ್ವಲ್ಲ" ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಆದರೂ ದುಡ್ಡು ಹೋಗಿರುತ್ತೆ.

ಈಗ ಬಿಲ್ಡಿಂಗ್ ಜಾಗದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಇರೋ ಒಂದು ನಗರವನ್ನು ಇಡಿ. ಡೆಪಾಸಿಟ್ ಜಾಗದಲ್ಲಿ ಕೈಕೋಳ ಹಾಕಿಸಿಕೊಂಡು ನಿಂತ ಒಬ್ಬ ಮನುಷ್ಯನನ್ನು ಇಡಿ. 1997ರ ಜುಲೈ 1ಕ್ಕೆ ಹಾಂಗ್‌ಕಾಂಗ್ ಬ್ರಿಟನ್ ಕೈಯಿಂದ ಚೀನಾ ಕೈಗೆ ಹೋಯಿತು. ಅದಕ್ಕೆ ಮುಂಚಿನ ಕೆಲವು ತಿಂಗಳು ಅಮೆರಿಕ ಮತ್ತು ಇಂಗ್ಲೆಂಡಿನ ಕೋರ್ಟುಗಳು ತಲೆ ಕೆಡಿಸಿಕೊಂಡಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆಗೆ. ಇವತ್ತು ಕಳಿಸುವವನನ್ನು ನಾವು ಒಬ್ಬ ಓನರ್ ಕೈಗೆ ಕೊಡ್ತೀವಿ, ವಿಚಾರಣೆ ನಡೆಯುವ ಹೊತ್ತಿಗೆ ಓನರ್ ಬೇರೆ ಆಗಿರ್ತಾರೆ. ಹಳಬರ ಮಾತಿಗೆ ಹೊಸಬರು ಜವಾಬ್ದಾರರಾ?

ಮೊದಲು ಪದದ ವಿಷಯ ಮುಗಿಸಿಬಿಡೋಣ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮಗೆ ಬಾಯಿಗೆ ಬರೋದು ಎಕ್ಸ್‌ಟ್ರಡಿಷನ್ ಅನ್ನೋದೇ. ಕನ್ನಡ ಪೇಪರ್‌ಗಳು ಅದಕ್ಕೆ 'ಗಡೀಪಾರು' ಅಂತ ಬರೀತವೆ. ಆದರೆ ರೌಡಿಶೀಟರ್‌ನನ್ನು ಜಿಲ್ಲೆಯಿಂದ ಆಚೆ ಹಾಕೋದೂ ಗಡೀಪಾರೇ, ವೀಸಾ ಮುಗಿದವರನ್ನು ವಿಮಾನ ಹತ್ತಿಸೋದೂ ಗಡೀಪಾರೇ. ಅದಕ್ಕೇ ನಮಗೆ 'ಹಸ್ತಾಂತರ' ವಾಸಿ ಅನ್ನಿಸುತ್ತೆ. ಆರೋಪಿಯನ್ನು ಒಂದು ಸರ್ಕಾರ ಇನ್ನೊಂದು ಸರ್ಕಾರದ ಕೈಗೆ ಒಪ್ಪಿಸೋದು, ಅಷ್ಟೇ. ತಮಾಷೆ ಏನಪ್ಪಾ ಅಂದ್ರೆ, ಒಂದು ಊರನ್ನು ಒಂದು ದೇಶ ಇನ್ನೊಂದಕ್ಕೆ ಬಿಟ್ಟುಕೊಡೋದಕ್ಕೂ ಕನ್ನಡದಲ್ಲಿ ಹಸ್ತಾಂತರ ಅಂತಲೇ ಹೇಳ್ತೀವಿ. ಈ ಎರಡು ಹಸ್ತಾಂತರ ಒಂದೇ ಕ್ಯಾಲೆಂಡರ್‌ನಲ್ಲಿ ಡಿಕ್ಕಿ ಹೊಡೆದ ಕಥೆ ಇದು.

ಆರೋಪಿಯನ್ನು ಕಳಿಸುವ ದೇಶ ಸುಮ್ಮನೆ ಕಳಿಸೋದಿಲ್ಲ, ಕೆಲವು ಭರವಸೆ ಕೇಳುತ್ತೆ. ಗಲ್ಲಿಗೆ ಹಾಕಬಾರದು, ಯಾವ ಆರೋಪಕ್ಕೆ ಕರೆಸಿಕೊಂಡ್ರೋ ಅದಕ್ಕೆ ಮಾತ್ರ ವಿಚಾರಣೆ ಮಾಡಬೇಕು, ಇನ್ನೊಂದು ದೇಶಕ್ಕೆ ದಾಟಿಸಬಾರದು. ನಮ್ಮ ದೇಶವೂ ಇಂಥ ಮಾತು ಕೊಟ್ಟಿದೆ. ಬೆಂಗಳೂರಿನವರಿಗೆ ಹೇಳಬೇಕಾ? ವಿಜಯ್ ಮಲ್ಯ ಕೇಸಿನಲ್ಲಿ ಲಂಡನ್ ಕೋರ್ಟು ಮುಂಬೈ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್‌ನ ವಿಡಿಯೊ ತರಿಸಿಕೊಂಡು ನೋಡಿತ್ತು. ಬೆಳಕು ಬರುತ್ತಾ, ಗಾಳಿ ಬರುತ್ತಾ ಅಂತ. 2018ರ ಡಿಸೆಂಬರ್‌ನಲ್ಲಿ ಕಳಿಸಬಹುದು ಅಂತ ತೀರ್ಪೂ ಬಂತು. ಅವರು ಮಾತ್ರ ಇನ್ನೂ ಬಂದಿಲ್ಲ, ಅದು ಬಿಡಿ.

ಅದಕ್ಕಿಂತ ಗಟ್ಟಿ ಉದಾಹರಣೆ ಅಬು ಸಲೇಂನದ್ದು. 1993ರ ಮುಂಬೈ ಸ್ಫೋಟದ ಆರೋಪಿ, 2002ರಲ್ಲಿ ಪೋರ್ಚುಗಲ್‌ನಲ್ಲಿ ಸಿಕ್ಕಿಬಿದ್ದ. ಅಲ್ಲಿ ಮರಣದಂಡನೆ ಇಲ್ಲ, ಜೀವಾವಧಿಯೂ ಇಲ್ಲ. ಹಾಗಾಗಿ ಆಗಿನ ಉಪಪ್ರಧಾನಿ ಎಲ್.ಕೆ. ಅಡ್ವಾಣಿ 2002ರ ಡಿಸೆಂಬರ್‌ನಲ್ಲಿ ಭಾರತದ ಪರವಾಗಿ ಬರೆದುಕೊಟ್ಟರು: ಗಲ್ಲು ಇಲ್ಲ, 25 ವರ್ಷಕ್ಕಿಂತ ಹೆಚ್ಚು ಜೈಲೂ ಇಲ್ಲ. 2005ರಲ್ಲಿ ಅವನನ್ನು ಇಲ್ಲಿಗೆ ತಂದರು. ಇಲ್ಲಿ ಅವನ ಮೇಲೆ ಹೊಸ ಆರೋಪ ಸೇರಿಸಿದಾಗ ಪೋರ್ಚುಗಲ್ ಕೋರ್ಟು "ನೀವು ಷರತ್ತು ಮುರಿದಿದ್ದೀರಿ" ಅಂತ ಗಲಾಟೆ ಎತ್ತಿತು, ಕೆಲವು ಆರೋಪಗಳನ್ನು ಕೈಬಿಡಬೇಕಾಯಿತು. 2017ರಲ್ಲಿ ಜೀವಾವಧಿ ಶಿಕ್ಷೆ ಆಯಿತು. 2022ರ ಜುಲೈನಲ್ಲಿ ನಮ್ಮ ಸುಪ್ರೀಂ ಕೋರ್ಟು, 25 ವರ್ಷ ತುಂಬಿದ ಮೇಲೆ ಕೊಟ್ಟ ಮಾತಿನಂತೆ ಬಿಡುಗಡೆಗೆ ಕ್ರಮ ತೆಗೆದುಕೊಳ್ಳಲೇಬೇಕು ಅಂತ ಕೇಂದ್ರಕ್ಕೆ ಹೇಳಿತು.

ಅಬು ಸಲೇಂ ಬಗ್ಗೆ ನಮಗೆ ಅಯ್ಯೋ ಪಾಪ ಅನ್ನಿಸೋದಿಲ್ಲ. ಆದರೆ ಮಾತಿನ ಬಾಳಿಕೆ ನೋಡಿ. ಅಡ್ವಾಣಿ ಅಧಿಕಾರ ಬಿಟ್ಟರು, ಸರ್ಕಾರ ಬದಲಾಯಿತು, ಇನ್ನೊಮ್ಮೆ ಬದಲಾಯಿತು, ಇಪ್ಪತ್ತು ವರ್ಷ ಕಳೀತು. ಮಾತು ಮಾತ್ರ ಉಳೀತು. ಯಾಕೆ ಉಳೀತು ಅಂದ್ರೆ ಎರಡೂ ಕಡೆ ಕೇಳೋರು ಇದ್ದರು. ಲಿಸ್ಬನ್‌ನಲ್ಲಿ ಒಂದು ಕೋರ್ಟು, ದೆಹಲಿಯಲ್ಲಿ ಒಂದು ಕೋರ್ಟು. ಸರ್ಕಾರ ಬದಲಾಗಬಹುದು, ದೇಶ ಅದೇ ದೇಶ.

ಹಾಂಗ್‌ಕಾಂಗ್‌ನಲ್ಲಿ ಬದಲಾಗಲಿದ್ದದ್ದು ಸರ್ಕಾರ ಅಲ್ಲ, ದೇಶವೇ.

ಹಿನ್ನೆಲೆ ಬೇಗ ಹೇಳಿಬಿಡ್ತೀವಿ. ಹಾಂಗ್‌ಕಾಂಗ್‌ನ ಬಹುಪಾಲು ಜಾಗ 1898ರಲ್ಲಿ ಬ್ರಿಟನ್ 99 ವರ್ಷಕ್ಕೆ ಲೀಸ್ ತಗೊಂಡಿದ್ದು. ಲೀಸ್ ಮುಗಿಯೋದು 1997. 1984ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಚೀನಾ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಊರು ಚೀನಾಕ್ಕೆ ಸೇರುತ್ತೆ, ಆದರೆ 50 ವರ್ಷ ಅಲ್ಲಿನ ಕಾನೂನು, ಕೋರ್ಟು, ಜೀವನಕ್ರಮ ಹಾಗೇ ಇರುತ್ತೆ, ಕೊನೆಯ ಅಪೀಲು ಕೂಡ ಅಲ್ಲಿಯದೇ ಕೋರ್ಟಿನಲ್ಲಿ. ಒಂದು ದೇಶ, ಎರಡು ವ್ಯವಸ್ಥೆ. 1990ರಲ್ಲಿ ಚೀನಾ ಇದನ್ನೆಲ್ಲ ಸೇರಿಸಿ 'ಬೇಸಿಕ್ ಲಾ' ಅನ್ನುವ ಮೂಲ ಕಾನೂನು ಮಾಡಿತು. ಅದರ 158ನೇ ವಿಧಿಯಲ್ಲಿ ಒಂದು ಸಾಲು ಇದೆ: ಈ ಕಾನೂನಿಗೆ ಅರ್ಥ ಹೇಳುವ ಅಧಿಕಾರ ಬೀಜಿಂಗ್‌ನ ಸಂಸತ್ತಿನ ಸ್ಥಾಯಿ ಸಮಿತಿಯದ್ದು. ಅಂದ್ರೆ ಪ್ರಶ್ನೆಪತ್ರಿಕೆ ಬರೆಯೋರೂ ಅವರೇ, ವ್ಯಾಲ್ಯುಯೇಷನ್ ಮಾಡೋರೂ ಅವರೇ, ರೀವ್ಯಾಲ್ಯುಯೇಷನ್‌ಗೆ ಹಾಕಿದ್ರೆ ಅದೂ ಅವರ ಹತ್ರವೇ ಹೋಗೋದು.

ಈಗ ಬಾಸ್ಟನ್‌ಗೆ ಬನ್ನಿ. 1995ರ ಡಿಸೆಂಬರ್ 20, ಲೋಗನ್ ವಿಮಾನ ನಿಲ್ದಾಣ. ಲುಯಿ ಕಿನ್‌ಹಾಂಗ್ ಅನ್ನುವ ಹಾಂಗ್‌ಕಾಂಗ್‌ನ ವ್ಯಕ್ತಿಯನ್ನು ಅಲ್ಲಿ ಬಂಧಿಸಿದರು. ದೊಡ್ಡ ಸಿಗರೇಟು ಕಂಪನಿಯೊಂದರಲ್ಲಿ ರಫ್ತು ನೋಡಿಕೊಳ್ಳುತ್ತಿದ್ದವನು, 30 ಲಕ್ಷ ಡಾಲರ್‌ಗೂ ಹೆಚ್ಚು ಲಂಚ ತಗೊಂಡ ಅನ್ನೋದು ಆರೋಪ. ಹಾಂಗ್‌ಕಾಂಗ್ ಅವನನ್ನು ಕೇಳಿತು, ಬ್ರಿಟನ್ ಜೊತೆ ಅಮೆರಿಕಕ್ಕೆ ಇದ್ದ ಒಪ್ಪಂದದ ಪ್ರಕಾರ. ಅವನ ವಕೀಲರು ಎತ್ತಿದ ತಕರಾರು ಸಿಂಪಲ್. ಜುಲೈ 1ರೊಳಗೆ ವಿಚಾರಣೆ ಮುಗಿಯೋ ಚಾನ್ಸೇ ಇಲ್ಲ. ಅಂದ್ರೆ ಹೆಸರಿಗೆ ಬ್ರಿಟನ್‌ಗೆ ಕಳಿಸ್ತೀರಿ, ನಿಜವಾಗಿ ಕಳಿಸೋದು ಚೀನಾಕ್ಕೆ. ಚೀನಾ ಜೊತೆ ಅಮೆರಿಕಕ್ಕೆ ಹಸ್ತಾಂತರ ಒಪ್ಪಂದವೇ ಇಲ್ಲವಲ್ಲ?

1997ರ ಜನವರಿಯಲ್ಲಿ ಬಾಸ್ಟನ್‌ನ ಜಿಲ್ಲಾ ನ್ಯಾಯಾಧೀಶ ಜೋಸೆಫ್ ಟಾರೊ ಈ ವಾದ ಒಪ್ಪಿದರು. ಒಪ್ಪಂದಕ್ಕೆ ಸಹಿ ಹಾಕಿದ ದೇಶವೇ ವಿಚಾರಣೆ ಮಾಡಿ, ಶಿಕ್ಷೆ ಕೊಡೋದಾದ್ರೆ ಮಾತ್ರ ಒಪ್ಪಂದಕ್ಕೆ ಅರ್ಥ ಅನ್ನೋದು ಅವರ ನಿಲುವು. ಮಾರ್ಚ್ 20ಕ್ಕೆ ಮೇಲಿನ ಕೋರ್ಟು ಅದನ್ನು ತಿರುಗಿಸಿ ಹಾಕಿತು. ಒಪ್ಪಂದ ಇವತ್ತು ಜಾರಿಯಲ್ಲಿದೆ, ಹಾಂಗ್‌ಕಾಂಗ್ ಕೈ ಬದಲಾಗುತ್ತೆ ಅನ್ನೋದು ಸೆನೆಟ್‌ಗೆ ಮೊದಲೇ ಗೊತ್ತಿತ್ತು, ನಾಳೆ ಅಲ್ಲಿ ನ್ಯಾಯ ಸಿಗುತ್ತಾ ಇಲ್ವಾ ಅಂತ ಇಣುಕಿ ನೋಡೋದು ಕೋರ್ಟಿನ ಕೆಲಸ ಅಲ್ಲ, ಅದು ವಿದೇಶಾಂಗ ಕಾರ್ಯದರ್ಶಿಯ ಕೆಲಸ ಅಂತ. ಕೊನೆಗೆ ಲುಯಿ ಹಾಂಗ್‌ಕಾಂಗ್‌ಗೆ ಹೋಗಲೇಬೇಕಾಯಿತು.

ಅದೇ ಹೊತ್ತಿಗೆ ಲಂಡನ್‌ನಲ್ಲಿ ಇನ್ನೊಬ್ಬ. ಇವಾನ್ ಲಾಂಡರ್, ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡಿದ ಬ್ಯಾಂಕರ್. ಇವನದೂ ಲಂಚದ ಆರೋಪವೇ. ಬ್ರಿಟನ್ನಿನ ಗೃಹಮಂತ್ರಿ ಕಳಿಸಿ ಅಂದರು, ಕೆಳಗಿನ ಕೋರ್ಟು ಬೇಡ ಅಂತು, ಕೊನೆಗೆ ಹೌಸ್ ಆಫ್ ಲಾರ್ಡ್ಸ್ 1997ರ ಮೇ 21ಕ್ಕೆ ಮಂತ್ರಿಯ ತೀರ್ಮಾನದಲ್ಲಿ ತಪ್ಪಿಲ್ಲ ಅಂತು. ಹಸ್ತಾಂತರಕ್ಕೆ ಆರು ವಾರವೂ ಉಳಿದಿರಲಿಲ್ಲ. ಚೀನಾ ಜಂಟಿ ಘೋಷಣೆಗೆ ಬದ್ಧವಾಗಿರುತ್ತೆ ಅಂತ ಮಂತ್ರಿ ನಂಬಿದ್ದು ಅಸಮಂಜಸ ಅಲ್ಲ ಅನ್ನೋದು ಆ ತೀರ್ಪಿನ ಸಾರ.

ನಾವು ಇದರ ಬಗ್ಗೆ ಜೋರಾಗಿ ಕಚ್ಚಾಡಿದ್ದೀವಿ. ನಮ್ಮಲ್ಲಿ ಕೆಲವರು ಹೇಳೋದು: ಹಾಗಿದ್ರೆ ಲಂಚ ತಿಂದು ಸರಿಯಾದ ವರ್ಷದಲ್ಲಿ ವಿಮಾನ ಹತ್ತಿದವನಿಗೆ ಬಂಪರ್ ಲಾಟರಿ ಅಲ್ವಾ? 1995ರಿಂದ ಯಾವ ದೊಡ್ಡ ಕೇಸೂ ಜುಲೈ 1ರೊಳಗೆ ಮುಗಿಯಲ್ಲ. ಅಂದ್ರೆ ಕೊನೆಯ ಎರಡು ಮೂರು ವರ್ಷ ಹಾಂಗ್‌ಕಾಂಗ್‌ನಿಂದ ಓಡಿಹೋದ ಎಲ್ಲರಿಗೂ ಮಾಫಿ. ಇದು ನ್ಯಾಯವೂ ಅಲ್ಲ, ಹಾಂಗ್‌ಕಾಂಗ್ ಜನರಿಗೆ ಮಾಡುವ ಉಪಕಾರವೂ ಅಲ್ಲ. ಈ ವಾದವನ್ನು ತಳ್ಳಿಹಾಕೋದು ಕಷ್ಟ. ಲುಯಿಯನ್ನು ಕಳಿಸಿದ್ದು ಸರಿ ಅಂತಲೇ ನಮ್ಮ ಅಭಿಪ್ರಾಯ.

ಆದರೆ ಕಳಿಸಿದ್ದು ಸರಿ ಅನ್ನೋದು ಬೇರೆ, ಪ್ರಶ್ನೆ ಕೇಳದೇ ಕಳಿಸಿದ್ದು ಸರಿ ಅನ್ನೋದು ಬೇರೆ. ಟಾರೊ ಅವರ ಉತ್ತರ ತಪ್ಪಿರಬಹುದು, ಪ್ರಶ್ನೆ ಸರಿಯಾಗಿತ್ತು. ಮಾತು ಮುರಿದರೆ ಯಾರು ಕೇಳ್ತಾರೆ? ಮೇಲಿನ ಕೋರ್ಟು "ಸರ್ಕಾರ ನೋಡಿಕೊಳ್ಳುತ್ತೆ" ಅಂತು. ಸರ್ಕಾರ "ಒಪ್ಪಂದ ಇದೆಯಲ್ಲ" ಅಂತು. ಒಪ್ಪಂದ "ಚೀನಾ ಮಾತು ಕೊಟ್ಟಿದೆ" ಅಂತು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸೋದು ನಮಗೆ ಹೊಸದಲ್ಲ. ಎಕ್ಸಾಮ್ ಸೆಕ್ಷನ್‌ಗೆ ಹೋದ್ರೆ ಡಿಪಾರ್ಟ್‌ಮೆಂಟ್‌ಗೆ ಹೋಗಿ ಅಂತಾರೆ, ಡಿಪಾರ್ಟ್‌ಮೆಂಟ್‌ನಲ್ಲಿ ಎಕ್ಸಾಮ್ ಸೆಕ್ಷನ್‌ಗೆ ಹೋಗಿ ಅಂತಾರೆ. ಸಾಮಾನ್ಯವಾಗಿ ಕೆಲಸ ಆಗಿಬಿಡುತ್ತೆ. ಆಗದೇ ಇದ್ದ ದಿನ ಮಾತ್ರ ಗೊತ್ತಾಗೋದು, ಜವಾಬ್ದಾರಿ ಯಾರದ್ದೂ ಅಲ್ಲ ಅಂತ.

ಇಲ್ಲಿ ಒಂದು ಜಾಣ ಕೆಲಸವೂ ನಡೆದಿತ್ತು, ಅದನ್ನು ಹೇಳದೇ ಇದ್ರೆ ಅನ್ಯಾಯ. ಹಳೇ ಒಪ್ಪಂದಗಳೆಲ್ಲ ಬ್ರಿಟನ್ ಹೆಸರಲ್ಲಿದ್ದವು, ಅವು ಜುಲೈ 1ಕ್ಕೆ ಹಾಂಗ್‌ಕಾಂಗ್ ಪಾಲಿಗೆ ಸತ್ತುಹೋಗ್ತಿದ್ದವು. ಹಾಗಾಗಿ ಹಾಂಗ್‌ಕಾಂಗ್ ತನ್ನದೇ ಹೆಸರಲ್ಲಿ ಒಂದೊಂದೇ ದೇಶದ ಜೊತೆ ಹೊಸ ಒಪ್ಪಂದ ಮಾಡಿಕೊಂಡಿತು. ಅಮೆರಿಕದ ಜೊತೆ ಸಹಿ ಆಗಿದ್ದು 1996ರ ಡಿಸೆಂಬರ್ 20ಕ್ಕೆ, ಲುಯಿ ಬಂಧನವಾಗಿ ಸರಿಯಾಗಿ ಒಂದು ವರ್ಷಕ್ಕೆ. ಅದರ ಪೀಠಿಕೆಯಲ್ಲಿ, ತನ್ನ ವಿದೇಶ ವ್ಯವಹಾರ ನೋಡಿಕೊಳ್ಳುವ ಸಾರ್ವಭೌಮ ಸರ್ಕಾರದಿಂದ ಅಧಿಕಾರ ಪಡೆದು ಹಾಂಗ್‌ಕಾಂಗ್ ಸಹಿ ಹಾಕುತ್ತಿದೆ ಅನ್ನೋ ಅರ್ಥದ ಮಾತಿದೆ. ಯಾವ ಸರ್ಕಾರ? ಹೆಸರಿಲ್ಲ! ಸಹಿ ಹಾಕುವ ದಿನ ಅದು ಬ್ರಿಟನ್, ಜಾರಿಗೆ ಬರುವ ದಿನ ಚೀನಾ.

ಡೇಟಾ ಸ್ಟ್ರಕ್ಚರ್ಸ್ ಓದುತ್ತಿರುವ ನಮಗೆ ಇದು ತಕ್ಷಣ ಹೊಳೀತು. ಪಾಯಿಂಟರ್ ಅದೇ, ಒಳಗಿರೋ ವಿಳಾಸ ಮಾತ್ರ ಮಧ್ಯರಾತ್ರಿ ಬದಲಾಯಿತು. ಕೋಡ್‌ನ ಒಂದು ಲೈನೂ ಮುಟ್ಟಬೇಕಾಗಿಲ್ಲ. ಬರೆದವರ ತಲೆಗೆ ನಮಸ್ಕಾರ. ಸರೆಂಡರ್ ಆಗಿ ಬಂದವನನ್ನು ಹಾಂಗ್‌ಕಾಂಗ್ ಗಡಿಯಿಂದಾಚೆ ದಾಟಿಸಬಾರದು ಅನ್ನುವ ಷರತ್ತೂ ಅದರಲ್ಲಿತ್ತು. ಗಡಿಯಿಂದಾಚೆ ಅಂದ್ರೆ ಮುಖ್ಯವಾಗಿ ಯಾವ ಕಡೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಇದು ಜಾರಿಗೆ ಬಂದಿದ್ದು 1998ರ ಜನವರಿ 21ಕ್ಕೆ. ಅಂದ್ರೆ ಊರು ಕೈ ಬದಲಾಗಿ ಆರೂವರೆ ತಿಂಗಳಿಗೂ ಹೆಚ್ಚು ಕಳೆದ ಮೇಲೆ.

ಇದರ ಜೊತೆಗೆ 1997ರಲ್ಲೇ ಹಾಂಗ್‌ಕಾಂಗ್ ತನ್ನ ಹಸ್ತಾಂತರ ಕಾನೂನಿನಲ್ಲಿ ಚೀನಾದ ಬೇರೆ ಯಾವ ಭಾಗಕ್ಕೂ ಇದು ಅನ್ವಯಿಸೋದಿಲ್ಲ ಅಂತ ಸೇರಿಸಿತ್ತು. ನಮ್ಮ ಪ್ರಕಾರ ನಿಜವಾದ ಭರವಸೆ ಈ ಸಾಲೇ. ಜಂಟಿ ಘೋಷಣೆ, 50 ವರ್ಷ, ಅದೆಲ್ಲ ದೊಡ್ಡ ಮಾತು. ಈ ಸಾಲು ಚಿಕ್ಕದು, ಆದರೆ ಇದಕ್ಕೆ ಯಾರನ್ನೂ ನಂಬಬೇಕಾಗಿಲ್ಲ. "ನಾವು ಒಳ್ಳೇದಾಗಿ ನೋಡಿಕೊಳ್ತೀವಿ" ಅನ್ನೋದು ಭರವಸೆ. "ಬಾಗಿಲೇ ಇಲ್ಲ" ಅನ್ನೋದು ಗೋಡೆ.

ಮುಂದೆ ಇಪ್ಪತ್ತು ವರ್ಷ ಏನಾಯ್ತು? ಬಹಳಷ್ಟು ಚೆನ್ನಾಗಿಯೇ ನಡೀತು. ಲಾಂಡರ್‌ನನ್ನೇ ನೋಡಿ. ಕೊನೆಗೂ ಅವನನ್ನು ಹಾಂಗ್‌ಕಾಂಗ್‌ಗೆ ಕಳಿಸಿದರು, ಅಲ್ಲಿ ಅಪರಾಧಿ ಅಂತ ತೀರ್ಪಾಯಿತು, ಆಮೇಲೆ 2001ರಲ್ಲಿ ಹಾಂಗ್‌ಕಾಂಗ್‌ನ ಅಂತಿಮ ಮೇಲ್ಮನವಿ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಚೀನಾ ಕೈಗೆ ಹೋದ ಮೇಲೆ ಅಲ್ಲಿ ನ್ಯಾಯ ಸಿಗಲ್ಲ ಅಂತ ವರ್ಷಗಟ್ಟಲೆ ಲಂಡನ್‌ನಲ್ಲಿ ವಾದ ಮಾಡಿದವನನ್ನು ಬಿಡಿಸಿದ್ದು ಅದೇ ಹಾಂಗ್‌ಕಾಂಗ್‌ನ, 1997ರ ನಂತರ ಶುರುವಾದ ಕೋರ್ಟು! 1997ರಲ್ಲಿ ಭಯ ಪಟ್ಟವರೆಲ್ಲ ಸರಿ, ನಂಬಿದವರೆಲ್ಲ ದಡ್ಡರು ಅಂತ ಬರೆಯೋಕೆ ಹೊರಟವರಿಗೆ ಈ ಕೇಸು ಅಡ್ಡ ಬರುತ್ತೆ.

ಅಡ್ಡ ಬರೋ ಇನ್ನೊಂದು ಕೇಸು ಬೇರೆ ದಿಕ್ಕಿನದು. ಚಾಂಗ್ ಝೆ-ಕಿಯಾಂಗ್ ಅನ್ನುವ ಕುಖ್ಯಾತ ಅಪಹರಣಕಾರ, ಶ್ರೀಮಂತ ಉದ್ಯಮಿ ಲಿ ಕಾ-ಶಿಂಗ್ ಅವರ ಮಗನನ್ನು ಹಾಂಗ್‌ಕಾಂಗ್‌ನಲ್ಲಿ ಅಪಹರಿಸಿ ಹಣ ಕಿತ್ತವನು. 1998ರಲ್ಲಿ ಚೀನಾದ ಮುಖ್ಯನಾಡಿನಲ್ಲಿ ಸಿಕ್ಕಿಬಿದ್ದ. ಹಾಂಗ್‌ಕಾಂಗ್‌ನಲ್ಲಿ ಮರಣದಂಡನೆ ಇಲ್ಲ. ಗುವಾಂಗ್‌ಝೌನಲ್ಲಿ ವಿಚಾರಣೆ ನಡೆಸಿ ಅದೇ ಡಿಸೆಂಬರ್‌ನಲ್ಲಿ ಗುಂಡಿಕ್ಕಿದರು. ಹಾಂಗ್‌ಕಾಂಗ್ ಅವನನ್ನು ವಾಪಸ್ ಕೇಳಲೇ ಇಲ್ಲ. ಎರಡು ವ್ಯವಸ್ಥೆಗಳ ನಡುವೆ ಹಸ್ತಾಂತರದ ಒಪ್ಪಂದ ಆಗಲಿ ಅಂತ ಆಮೇಲೆ ಮಾತುಕತೆ ನಡೀತು, ಮುಗೀಲಿಲ್ಲ.

ಗೋಡೆ ಹಾಗೇ ನಿಂತಿತ್ತು. 2015ರ ಕೊನೆಗೆ ಕಾಸ್‌ವೇ ಬೇ ಪುಸ್ತಕದಂಗಡಿಗೆ ಸೇರಿದ ಐದು ಜನ ಒಬ್ಬೊಬ್ಬರಾಗಿ ಕಾಣೆಯಾದರು. ಚೀನಾದ ನಾಯಕರ ಬಗ್ಗೆ ಗಾಸಿಪ್ ಪುಸ್ತಕ ಮಾರುತ್ತಿದ್ದ ಅಂಗಡಿ ಅದು. ಎಲ್ಲರೂ ಮುಖ್ಯನಾಡಿನ ವಶದಲ್ಲಿ ಪತ್ತೆಯಾದರು. ಅವರಲ್ಲಿ ಒಬ್ಬರು ಕಾಣೆಯಾಗಿದ್ದು ಹಾಂಗ್‌ಕಾಂಗ್ ಒಳಗಿಂದಲೇ. 2017ರ ಜೂನ್ 30ಕ್ಕೆ ಚೀನಾದ ವಿದೇಶಾಂಗ ಇಲಾಖೆಯ ವಕ್ತಾರರು, ಜಂಟಿ ಘೋಷಣೆ ಒಂದು ಐತಿಹಾಸಿಕ ದಾಖಲೆ, ಈಗ ಅದಕ್ಕೆ ಪ್ರಾಯೋಗಿಕ ಮಹತ್ವ ಇಲ್ಲ ಅಂದುಬಿಟ್ಟರು. 50 ವರ್ಷದ ಮಾತಿಗೆ ಆಗ 20 ವರ್ಷ.

ಆಮೇಲೆ ಬಂದದ್ದು ನಮ್ಮ ವಯಸ್ಸಿನವರ ಕಥೆ. 2018ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನ 19 ವರ್ಷದ ಹುಡುಗ ಗೆಳತಿಯ ಜೊತೆ ತೈವಾನ್ ಪ್ರವಾಸಕ್ಕೆ ಹೋದ. ಅವಳಿಗೆ 20. ತೈಪೆಯಲ್ಲಿ ಅವಳ ಕೊಲೆಯಾಯಿತು, ಅವನು ಒಬ್ಬನೇ ವಾಪಸ್ ಬಂದ. ಕೊಂದಿದ್ದನ್ನು ಹಾಂಗ್‌ಕಾಂಗ್ ಪೊಲೀಸರ ಮುಂದೆ ಒಪ್ಪಿಕೊಂಡ. ಆದರೆ ಕೊಲೆ ನಡೆದಿದ್ದು ತೈವಾನ್‌ನಲ್ಲಿ, ಹಾಂಗ್‌ಕಾಂಗ್ ಕೋರ್ಟಿಗೆ ಅಧಿಕಾರ ಇಲ್ಲ. ತೈವಾನ್‌ಗೆ ಕಳಿಸೋಣ ಅಂದ್ರೆ ಚೀನಾದ ಲೆಕ್ಕದಲ್ಲಿ ತೈವಾನ್ ಕೂಡ "ಚೀನಾದ ಬೇರೆ ಭಾಗ". ಗೋಡೆ ಅಡ್ಡ! ಅವಳ ಕಾರ್ಡು, ಹಣ ಬಳಸಿದ್ದಕ್ಕೆ ಮಾತ್ರ ಅವನಿಗೆ ಜೈಲಾಯಿತು. ಗೋಡೆ ಒಳ್ಳೇದು ಅಂತ ಮೇಲೆ ಬರೆದಿದ್ದೀವಿ. ಆ ಹುಡುಗಿಯ ಅಪ್ಪ ಅಮ್ಮನ ಮುಂದೆ ಅದೇ ವಾಕ್ಯ ಓದೋದು ಸುಲಭ ಇಲ್ಲ.

ಹಾಂಗ್‌ಕಾಂಗ್ ಸರ್ಕಾರ 2019ರಲ್ಲಿ ತಂದ ಮಸೂದೆಗೆ ಇದೇ ಕೇಸು ನೆಪ, ಅಥವಾ ಕಾರಣ. ನೀವು ಯಾವುದನ್ನು ನಂಬ್ತೀರೋ ಅದು. ಮಸೂದೆ ಆ "ಬೇರೆ ಭಾಗ" ಅನ್ನುವ ಸಾಲನ್ನೇ ಕಿತ್ತುಹಾಕುತ್ತಿತ್ತು. ತೈವಾನ್‌ಗೆ ಬಾಗಿಲು ತೆಗೆಯುವ ಹೆಸರಲ್ಲಿ ಮುಖ್ಯನಾಡಿಗೂ ಬಾಗಿಲು. ತಮಗೆ ಬೇಕಾಗಿರೋದು ಇದಲ್ಲ ಅಂತ ತೈವಾನ್ ಸರ್ಕಾರವೇ ಹೇಳಿತು. ಪುಸ್ತಕದಂಗಡಿಯ ಐವರಲ್ಲಿ ಒಬ್ಬರಾದ ಲಾಮ್ ವಿಂಗ್-ಕೀ ಏಪ್ರಿಲ್‌ನಲ್ಲೇ ತೈವಾನ್‌ಗೆ ಹೊರಟುಹೋದರು.

ಜನ ಬೀದಿಗೆ ಬರುವ ಸೂಚನೆ ಕಂಡಾಗ ಸರ್ಕಾರ ಮೇ 30ಕ್ಕೆ ಕೆಲವು ಭರವಸೆಗಳನ್ನು ಸೇರಿಸಿತು. ಮೂರು ವರ್ಷ ಅಲ್ಲ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ಮಾತ್ರ. ಮುಖ್ಯನಾಡಿನಿಂದ ಆದ್ರೆ ಅಲ್ಲಿನ ಅತ್ಯುನ್ನತ ಪ್ರಾಸಿಕ್ಯೂಷನ್ ಸಂಸ್ಥೆ ಕೇಳಿದರೆ ಮಾತ್ರ. ಬಹಿರಂಗ ವಿಚಾರಣೆ, ವಕೀಲರು, ಒತ್ತಾಯದ ತಪ್ಪೊಪ್ಪಿಗೆ ಇಲ್ಲ ಅನ್ನುವ ಖಾತರಿ ಕೇಳಬಹುದು. ಕೇಳಬಹುದು! ಕೇಳಲೇಬೇಕು ಅಂತ ಇಲ್ಲ. ಕೇಳಿ, ಅವರು ಹೂಂ ಅಂದು, ಆಮೇಲೆ ಮಾತು ಮುರಿದರೆ? ಬಾಸ್ಟನ್‌ನಲ್ಲಿ 1997ರಲ್ಲಿ ಉತ್ತರ ಸಿಗದೇ ಉಳಿದ ಪ್ರಶ್ನೆಯೇ 22 ವರ್ಷದ ನಂತರ ಹಾಂಗ್‌ಕಾಂಗ್ ಬೀದಿಗೆ ಬಂತು. ಜೂನ್ 9ಕ್ಕೆ ಹತ್ತು ಲಕ್ಷ ಜನ, ಜೂನ್ 16ಕ್ಕೆ ಸುಮಾರು ಇಪ್ಪತ್ತು ಲಕ್ಷ ಅಂತ ಸಂಘಟಕರ ಲೆಕ್ಕ. ಪೊಲೀಸರ ಲೆಕ್ಕ ತುಂಬಾ ಕಡಿಮೆ, ಅದರಲ್ಲಿ ಆಶ್ಚರ್ಯ ಇಲ್ಲ.

ಮುಂದಿನದು ನಿಮಗೆ ಗೊತ್ತಿರುತ್ತೆ. ಮುಖವಾಡ, ಛತ್ರಿ, ಅಶ್ರುವಾಯು. ನವೆಂಬರ್ ಹೊತ್ತಿಗೆ ಗಲಾಟೆ ಕ್ಯಾಂಪಸ್ಸುಗಳ ಒಳಗೆ. ಪಾಲಿಟೆಕ್ನಿಕ್ ವಿಶ್ವವಿದ್ಯಾಲಯವನ್ನು ಪೊಲೀಸರು ಹನ್ನೆರಡು ಹದಿಮೂರು ದಿನ ಸುತ್ತುವರಿದಿದ್ದರು. ನಮ್ಮ ಹಾಗೇ ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದವರು ಒಳಚರಂಡಿ ಮೂಲಕ ತಪ್ಪಿಸಿಕೊಳ್ಳೋಕೆ ನೋಡಿದರು. ಆ ಪ್ರತಿಭಟನೆಗಳಲ್ಲಿ ಒಟ್ಟು ಬಂಧನ ಹತ್ತು ಸಾವಿರ ದಾಟಿತು, ಹತ್ತಿರ ಹತ್ತಿರ ಶೇ. 40ರಷ್ಟು ವಿದ್ಯಾರ್ಥಿಗಳು. ಪ್ರತಿಭಟನಾಕಾರರ ಕಡೆಯಿಂದಲೂ ಕಲ್ಲು, ಪೆಟ್ರೋಲ್ ಬಾಂಬು ಹಾರಿದವು, ಅದನ್ನು ನಾವು ಮುಚ್ಚಿಡಲ್ಲ. ಆದರೆ ಕಾನೂನಿನ ಒಂದು ಸಾಲಿಗಾಗಿ ಇಷ್ಟು ಜನ ಬೀದಿಗಿಳಿದರು ಅನ್ನೋದು ನೆನಪಿರಲಿ. ಅಕ್ಟೋಬರ್ 23ಕ್ಕೆ ಮಸೂದೆ ಅಧಿಕೃತವಾಗಿ ವಾಪಸ್ ಆಯಿತು. ಅದೇ ದಿನ ಬೆಳಿಗ್ಗೆ ಆ ಹುಡುಗ ಜೈಲಿನಿಂದ ಬಿಡುಗಡೆಯಾಗಿ ಹೊರಗೆ ಬಂದ.

ಗೋಡೆ ಉಳಿದದ್ದು ಎಂಟು ತಿಂಗಳು. 2020ರ ಜೂನ್ 30ರ ರಾತ್ರಿ ಬೀಜಿಂಗ್ ಮಾಡಿದ ರಾಷ್ಟ್ರೀಯ ಭದ್ರತಾ ಕಾನೂನು ಹಾಂಗ್‌ಕಾಂಗ್‌ನಲ್ಲಿ ಜಾರಿಗೆ ಬಂತು. ಅದರ 55ನೇ ವಿಧಿ ಪ್ರಕಾರ ಕೆಲವು ಪ್ರಕರಣಗಳನ್ನು ಬೀಜಿಂಗ್‌ನ ಭದ್ರತಾ ಕಚೇರಿಯೇ ನೇರವಾಗಿ ತಗೋಬಹುದು, ವಿಚಾರಣೆ ಮುಖ್ಯನಾಡಿನ ಕೋರ್ಟಿಗೆ ಹೋಗಬಹುದು. ಮುಂಬಾಗಿಲಿಂದ ಬರಲಾಗದ್ದು ಹಿತ್ತಲಿಂದ ಬಂತು. ಅದು ಹಾಂಗ್‌ಕಾಂಗ್ ಶಾಸನಸಭೆಯ ಮುಂದೆ ಬರಲೂ ಇಲ್ಲ.

ಆಗ ನಡೆದದ್ದು ನೋಡಿ. ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್, ನ್ಯೂಜಿಲೆಂಡ್, ಜರ್ಮನಿ ಜುಲೈನಲ್ಲೇ, ಅಮೆರಿಕ ಆಗಸ್ಟ್‌ನಲ್ಲಿ, ಒಂದಾದ ಮೇಲೊಂದು ಹಾಂಗ್‌ಕಾಂಗ್ ಜೊತೆಗಿನ ಹಸ್ತಾಂತರ ಒಪ್ಪಂದ ಅಮಾನತು ಮಾಡಿದವು. 1997ರಲ್ಲಿ ಕೋರ್ಟುಗಳು "ನಮ್ಮ ಕೆಲಸ ಅಲ್ಲ" ಅಂದಿದ್ದ ತೀರ್ಮಾನವನ್ನು ಕೊನೆಗೆ ಸರ್ಕಾರಗಳೇ ತಗೊಂಡವು, 23 ವರ್ಷ ತಡವಾಗಿ. ಅದೂ ಯಾರೋ ಒಬ್ಬ ಆರೋಪಿಗೆ ಕೊಟ್ಟ ಮಾತು ಮುರಿದಿದ್ದಕ್ಕಲ್ಲ, ಮಾತು ನಿಂತಿದ್ದ ನೆಲವೇ ಸರಿದಿದ್ದಕ್ಕೆ. ಅದಕ್ಕೇ ನಾವು ಹೇಳೋದು, ಊರು ಕೈ ಬದಲಾಗುವಾಗ ಕೊಡುವ ಭರವಸೆಯಲ್ಲಿ "ನಾವು ಹೀಗೆ ನಡೆದುಕೊಳ್ತೀವಿ" ಅನ್ನೋದಷ್ಟೇ ಇದ್ದರೆ ಸಾಲದು. "ಹಾಗೆ ನಡೆದುಕೊಳ್ಳದೇ ಇದ್ದರೆ ಇಂಥವರು, ಇಂಥ ಕಡೆ ಕೇಳಬಹುದು" ಅನ್ನುವ ಸಾಲು ಬೇಕು, ಮತ್ತು ಆ ಕೇಳುವವರು ಮಾತು ಕೊಟ್ಟವರ ಮನೆಯವರೇ ಆಗಿರಬಾರದು. ಜಂಟಿ ಘೋಷಣೆಯಲ್ಲಿ 50 ವರ್ಷ ಅನ್ನುವ ಅಂಕಿ ಇತ್ತು, ಈ ಸಾಲು ಇರಲಿಲ್ಲ.

"ಅದಕ್ಕೂ ನಮಗೂ ಏನ್ ಸಂಬಂಧ ಗುರು" ಅಂತ ಕೇಳೋರು ಇದ್ದೇ ಇರ್ತಾರೆ. ಇದೆ. ಭಾರತ ಹಾಂಗ್‌ಕಾಂಗ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು 1997ರ ಜೂನ್ 28ಕ್ಕೆ, ಊರು ಕೈ ಬದಲಾಗೋಕೆ ಮೂರೇ ದಿನ ಇರುವಾಗ. ಅದು ಇವತ್ತಿಗೂ ಜಾರಿಯಲ್ಲಿದೆ. 2018ರಲ್ಲಿ ನೀರವ್ ಮೋದಿಯನ್ನು ಬಂಧಿಸಿ ಅಂತ ಭಾರತ ಹಾಂಗ್‌ಕಾಂಗ್ ಸರ್ಕಾರವನ್ನು ಕೇಳಿತ್ತು. 2016ರ ನಾಭಾ ಜೈಲು ಮುರಿತದ ಪ್ರಕರಣದಲ್ಲಿ ಬೇಕಾಗಿದ್ದ ಒಬ್ಬ ಆರೋಪಿಯನ್ನು 2024ರಲ್ಲಿ ಅಲ್ಲಿಂದಲೇ ಕರೆತಂದರು. ಒಪ್ಪಂದ ಇದ್ದಿದ್ದು ಒಳ್ಳೇದೇ ಆಯಿತು. ಅದನ್ನು ಹರಿದು ಬಿಸಾಕಿ ಅಂತ ನಾವು ಹೇಳ್ತಿಲ್ಲ.

ಆದರೆ ಒಪ್ಪಂದ ಎರಡೂ ಕಡೆ ಓಡುವ ರಸ್ತೆ. ನಾಳೆ ಹಾಂಗ್‌ಕಾಂಗ್ ನಮ್ಮಿಂದ ಒಬ್ಬರನ್ನು ಕೇಳಿದರೆ? ಅಲ್ಲಿ ಓದಿ ಬಂದ ವಿದ್ಯಾರ್ಥಿಯೋ, ಅಲ್ಲಿಂದ ಇಲ್ಲಿಗೆ ಓಡಿಬಂದವರೋ ಇರಬಹುದು. 1997ರ ಜೂನ್‌ನಲ್ಲಿ ಸಹಿ ಮಾಡುವಾಗ 55ನೇ ವಿಧಿ ಇರಲಿಲ್ಲ. ಈಗ ಇದೆ. ಕಳಿಸಿದವರನ್ನು ಯಾವ ಕಾನೂನಿನ ಹೆಸರಲ್ಲೂ ಮುಖ್ಯನಾಡಿಗೆ ದಾಟಿಸೋದಿಲ್ಲ ಅಂತ ವಿದೇಶಾಂಗ ಇಲಾಖೆ ಹೊಸದಾಗಿ ಬರೆಸಿಕೊಳ್ಳಬೇಕು. ಅವರನ್ನು ನೋಡೋಕೆ ನಮ್ಮ ಕಾನ್ಸುಲೇಟ್‌ನವರಿಗೆ ಯಾವಾಗ ಬೇಕಾದರೂ ಹೋಗುವ ಹಕ್ಕಿರಬೇಕು. ಆ ಭರವಸೆ ಪತ್ರ ನಮ್ಮ ಕೋರ್ಟಿನ ಮುಂದೆ ಬರಬೇಕು, ಫೈಲಿನೊಳಗೆ ಕೂರಬಾರದು. ಲಂಡನ್ ಕೋರ್ಟು ಆರ್ಥರ್ ರೋಡ್ ಜೈಲಿನ ಕಿಟಕಿ ಎಷ್ಟು ದೊಡ್ಡದು ಅಂತ ನಮ್ಮನ್ನು ಕೇಳಿದಾಗ ನಮಗೆಲ್ಲ ಸಿಟ್ಟು ಬಂದಿತ್ತು. ಅಂಥದೇ ಪ್ರಶ್ನೆಯನ್ನು ದೆಹಲಿಯ ಕೋರ್ಟೊಂದು ಹಾಂಗ್‌ಕಾಂಗ್‌ಗೆ ಕೇಳಲಿ.